ಮಾವನವರ ಬುಲೆಟ್ಟಿಗೆ ಹೊಸ ಕವರು

ಪಾರ್ಶ್ವವಾಯು ಬಡಿದಾಗ ದೊಡ್ಡಯ್ಯನವರ ಬಲಮಗ್ಗುಲು ಬಿದ್ದುಹೋಯಿತು, ಮಾತು ನಿಂತಿತು. ಎಡಗೈಗೆ ಏನೂ ಆಗಿರಲಿಲ್ಲ. ಆದರೆ ಮುದುಕರು ಹಟ ಹಿಡಿದವರಂತೆ ಅದನ್ನೂ ಅಲ್ಲಾಡಿಸುವುದು ಬಿಟ್ಟರು. ತುತ್ತು ಕೂಡ ಮಗಳು ಮಹಾಲಕ್ಷ್ಮಿಯೇ ತಿನ್ನಿಸಬೇಕು. ಅವಳು ಅಪ್ಪನನ್ನು ಧಾರವಾಡದಿಂದ ಕೋಲ್ಕತ್ತಕ್ಕೆ ಕರೆತಂದಳು. ಅವರ ಹಳೇ ಬುಲೆಟ್ಟೂ ಹಿಂದೆಯೇ ರೈಲಿನಲ್ಲಿ ಬಂತು.

ಅಳಿಯ ದೇವೇಂದ್ರ ಅಲಿಪುರದ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ದಿನಾ ಬೆಳಿಗ್ಗೆ ಲೇಕ್ ಮಾರ್ಕೆಟ್ ಹಿಂದಿನ ಬಾಡಿಗೆ ಮನೆಯ ಅಂಗಳದಲ್ಲಿ ಬುಲೆಟ್ಟಿಗೆ ಕಿಕ್ ಹೊಡೆಯುತ್ತಿದ್ದ. ಡಗ್ ಡಗ್ ಸದ್ದು ಕಿಟಕಿ ದಾಟಿ ಒಳಗೆ ಹೋಯಿತೋ ಇಲ್ಲವೋ, ಮಾವನವರ ಎಡಗೈ ಹಾಸಿಗೆಯಿಂದ ಒಂದು ಗೇಣು ಮೇಲೇಳುತ್ತಿತ್ತು. ಡಾಕ್ಟರು ಗಂಟಲು ಹರಿದುಕೊಂಡರೂ ಏಳದ ಕೈ! ಆ ಗೇಣು ಎತ್ತರದ ಮೇಲೆ ಮಹಾಲಕ್ಷ್ಮಿ ತನ್ನ ಆಸೆಯನ್ನೆಲ್ಲ ಇಟ್ಟಿದ್ದಳು.

ದುರ್ಗಾಪೂಜೆಯ ಸಪ್ತಮಿಯಂದು ಯಾವನೋ ಪುಣ್ಯಾತ್ಮ ಆಟೋ ಹಿಂದಕ್ಕೆ ತೆಗೆಯುವಾಗ ಬುಲೆಟ್ಟನ್ನು ಮೆಟ್ಟಿಲಿಗೆ ಕೆಡವಿದ. ಟೈಮಿಂಗ್ ಕವರು ಸೀಳಿ ಆಯಿಲ್ಲೆಲ್ಲ ಅಂಗಳದ ಪಾಲಾಯಿತು. ಟೈಮಿಂಗ್ ಕವರೆಂದರೆ ಇಂಜಿನ್ನಿನ ಬಲಮಗ್ಗುಲಲ್ಲಿ ಒಳಗಿನ ಹಲ್ಲುಗಾಲಿಗಳನ್ನು ಮುಚ್ಚುವ ಮುಚ್ಚಳ. ಬರೀ ಮುಚ್ಚಳವಾಗಿದ್ದರೆ ಯಾರು ಕೇಳುತ್ತಿದ್ದರು? ಅದರೊಳಗಿನ ಒಂದು ಸಣ್ಣ ತೂತಿನಿಂದಲೇ ಇಂಜಿನ್ನಿನ ಹೊಟ್ಟೆಗೆ ಆಯಿಲ್ ಹೋಗಬೇಕು.

ಗ್ಯಾರೇಜಿನ ಮಿಸ್ತ್ರಿ ಬಾಗಿಲೆಳೆಯುತ್ತಲೇ, "ಪುಜೋರ್ ಪೊರೆ ಆಶುನ್, ದಾದಾ" ಎಂದು ಪೂಜೆ ಮುಗಿದ ಮೇಲೆ ಬರಲು ಹೇಳಿ ನಡೆದುಬಿಟ್ಟ. ಮನೆಯಲ್ಲಿ ಮಾವನವರ ಕೈ ಮತ್ತೆ ಹಾಸಿಗೆಗೆ ಅಂಟಿಕೊಂಡಿತ್ತು. ಅಷ್ಟು ದಿನ ಕಾಯುವುದು ಯಾರಿಂದ ಸಾಧ್ಯ? ದೇವೇಂದ್ರ ಮಲ್ಲಿಕ್ ಬಜಾರೆಲ್ಲ ಸುತ್ತಿ, ತೆರೆದಿದ್ದ ಒಂದೇ ಅಂಗಡಿಯಿಂದ ಹಳೇ ಕವರೊಂದನ್ನು ತಂದು, ಪೆಟ್ರೋಲಿನಲ್ಲಿ ತಿಕ್ಕಿ ತೊಳೆದಿಟ್ಟ. ನವಮಿಯ ದಿನ ಕೂರಿಸಬೇಕು ಎನ್ನುವಷ್ಟರಲ್ಲಿ ಹೆಂಡತಿ ಅಡ್ಡಬಂದಳು.

"ಖಂಡೇಪೂಜಿ ದಿವಸ ಪಾನಾ ಹಿಡೀತೀರೇನ್ರಿ? ಮುಟ್ಟಬ್ಯಾಡ್ರಿ!"

ಬೋಲ್ಟು ಬಿಗಿಯುವ ಪಾನಾ, ಸ್ಕ್ರೂಡ್ರೈವರು, ಕವರು ಎಲ್ಲ ಆಯುಧಪೂಜೆಗೆ ದೇವರ ಮುಂದೆ ಕೂತವು. ಅವಕ್ಕೆ ವಿಭೂತಿ, ಕುಂಕುಮ ಹಚ್ಚಿದ ಮಹಾಲಕ್ಷ್ಮಿ ಕವರಿನ ತಟ್ಟೆಯನ್ನು ಅಪ್ಪನ ಹಾಸಿಗೆಯ ಮೇಲಿಟ್ಟಳು.

"ಅಪ್ಪಾ, ನಿನ್ನ ಗಾಡೀದ ಇದು. ನಾಕ ಅಕ್ಕಿಕಾಳು ಹಾಕು."

ಗಾಡಿಯ ಸದ್ದೇ ಇಲ್ಲ, ಆದರೂ ಕೈ ಎದ್ದಿತು! ನಡುಗುತ್ತ ಅಕ್ಷತೆ ಹಿಡಿದು ಕವರಿನ ಮೇಲೆ ಸುರಿಯಿತು. ಮಹಾಲಕ್ಷ್ಮಿ ಗೊಳೋ ಎಂದು ಅತ್ತಳು. ದೇವೇಂದ್ರ ಕಣ್ಣೊರೆಸಿಕೊಳ್ಳಲು ಹಿತ್ತಲಿಗೆ ಹೋದ. ಮಧ್ಯಾಹ್ನ ದೊಡ್ಡಯ್ಯನವರು ಹೋಳಿಗೆಯನ್ನು ತಾವೇ ಮುರಿದು ತಿಂದರು, ಅರ್ಧ ಎದೆಯ ಮೇಲೆ ಬಿದ್ದರೂ ಸರಿಯೇ.

ದಶಮಿಯ ಬೆಳಿಗ್ಗೆ ದೇವೇಂದ್ರ ಕವರನ್ನು ಮತ್ತೊಮ್ಮೆ ಪೆಟ್ರೋಲಿನಲ್ಲಿ ತೊಳೆಯಬೇಕಿತ್ತು. ತೊಳೆಯಲೆಂದೇ ಬಟ್ಟೆ ಹಿಡಿದು ಕೂತಿದ್ದ. ಕುಂಕುಮ ಕಂಡು ಕೈ ಹಿಂದೆ ಬಂತು. ಮಾವನವರ ಕೈ ಮರಳಿ ಬಂದ ಗುರುತನ್ನು ತೊಳೆಯುವುದು ಹೇಗೆ? ಕಂಡ ಕಾಳುಗಳನ್ನು ಆರಿಸಿ ತೆಗೆದ, ಗ್ಯಾಸ್ಕೆಟ್ ಕೂರುವ ಅಂಚನ್ನಷ್ಟೇ ಒರೆಸಿದ. ಆಯಿಲ್ ಸೋರದಂತೆ ಗ್ಯಾಸ್ಕೆಟ್ ಕಾಗದಕ್ಕೆ ಗ್ರೀಸು ಸವರಿ, ಕವರನ್ನು ನೆಟ್ಟಗೆ ಒತ್ತಿ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಚೂರುಚೂರೇ ಬಿಗಿದ. ಹೊಸ ಆಯಿಲ್ ತುಂಬಿ ಕಿಕ್ ಹೊಡೆದ. ಡಗ್ ಡಗ್! ಕಿಟಕಿಯೊಳಗೆ ಕೈ ಎದ್ದಿತು, ಈ ಸಲ ಭುಜದ ತನಕ.

ಸಂಜೆ ಮಾವನವರ ಮಾತ್ರೆ ತರಲು ಗರಿಯಾಹಾಟಿಗೆ ಹೊರಟ. ಅಂಗಡಿ ತಲುಪುವ ಮೊದಲೇ ಇಂಜಿನ್ ಕರಕರ ಎಂದಿತು, ಕಿರುಚಿತು, ಗಪ್ಪನೆ ನಿಂತಿತು. ಕಿಕ್ಕು ಕಲ್ಲಾಗಿತ್ತು. ದೇವಿಯನ್ನು ನದಿಗೆ ಬಿಡಲು ಹೊರಟ ಲಾರಿಗಳ ನಡುವೆ, ಢಾಕ್ ಡೊಳ್ಳುಗಳ ಅಬ್ಬರದಲ್ಲಿ, ಬುಲೆಟ್ಟನ್ನು ತಳ್ಳುತ್ತ ನಡೆದ. ಕುಣಿಯುವವರು ದಾರಿ ಬಿಡಲಿಲ್ಲ, ಅವನಿಗೂ ಬೈಯುವ ತ್ರಾಣ ಇರಲಿಲ್ಲ.

ಅಂಗಳದಲ್ಲಿ ಮಹಾಲಕ್ಷ್ಮಿ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಕಾಯುತ್ತಿದ್ದಳು. ದೇವೇಂದ್ರ ಕವರು ಬಿಚ್ಚಿದ. ಆಯಿಲ್ಲಿನ ತೂತಿಗೆ ತಂತಿ ತೂರಿಸಿ ಎಳೆದ. ತಂತಿಯ ತುದಿಗೆ ಅಂಟಿಕೊಂಡು ಬಂತು, ಆಯಿಲ್ಲಿನಲ್ಲಿ ನೆನೆದ ಅಕ್ಕಿಕಾಳು. ಅರಿಶಿನ ಇನ್ನೂ ಮಾಸಿರಲಿಲ್ಲ.

ಅಯ್ಯೋ, ಒಂದು ಸಲ ತೊಳೆದಿದ್ದರೆ! ಥಟ್ಟನೆ ಕಾಳಿನ ಮೇಲೆ ಮುಷ್ಟಿ ಬಿಗಿದ.

"ಏನಾತ್ರೀ?"

"ಏನಿಲ್ಲ. ಹಳೇ ಮಾಲು, ಕವರೇ ಖರಾಬಿತ್ತು," ಎಂದು ಬೇಕೆಂದೇ ಜೋರಾಗಿ ಹೇಳಿದ. "ಮಾವಾರ, ಇಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸೋಣ್ರಿ. ಚಿಂತಿ ಮಾಡಬ್ಯಾಡ್ರಿ."

ದೊಡ್ಡಯ್ಯನವರು ಅವನ ಮುಖ ನೋಡಲಿಲ್ಲ, ಮುಷ್ಟಿಯನ್ನು ನೋಡಿದರು. ಆ ಇಂಜಿನ್ನನ್ನು ಆಯುಷ್ಯವೆಲ್ಲ ಬಿಚ್ಚಿ ಕಟ್ಟಿದವರು. ಆ ತೂತು ಕಟ್ಟಿದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಆಮೇಲೆ ತೊಡೆಯ ಮೇಲಿದ್ದ ತಮ್ಮ ಎಡಗೈಯನ್ನು ನೋಡಿಕೊಂಡರು. ಅದು ಮೆಲ್ಲಗೆ ಶಾಲಿನೊಳಗೆ ಸರಿಯಿತು.

ದೇವೇಂದ್ರ ಮುಷ್ಟಿಯನ್ನು ಜೇಬಿಗಿಳಿಸಿದ. ನಿಮ್ಮದಲ್ಲ, ನನ್ನ ತಪ್ಪು ಎನ್ನಲು ಹೋದರೆ ಕಾಳು ತೋರಿಸಬೇಕು, ಹೆಂಡತಿಯೂ ಅಲ್ಲೇ ನಿಂತಿದ್ದಾಳೆ.

ರಾತ್ರಿ ಮಹಾಲಕ್ಷ್ಮಿ ತಟ್ಟೆ ತಂದು ಅಪ್ಪನ ಮುಂದಿಟ್ಟಳು. "ಅಪ್ಪಾ, ಕೈ ತಗೀ. ನಿನ್ನಿ ಹಂಗ ನೀನ ಉಣ್ಣು."

ಕೈ ಹೊರಗೆ ಬರಲಿಲ್ಲ. ಅವಳು ನಗುತ್ತ ಶಾಲು ಸರಿಸಿದಳು. ಕೈಯನ್ನವರು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು.

ಅವರು ಬಾಯಿಯನ್ನು ಮಾತ್ರ ತೆರೆದರು.