ಕೆರೆ ಕುಡಿದವರು

ಕಂಪ್ಯೂಟರಿನೊಳಗೆ ಊರನ್ನೂ ಕೆರೆಯನ್ನೂ ಕಟ್ಟಿ, ಮುಂದೇನಾಗುತ್ತದೆಂದು ನೋಡುವುದು ಕೆರೆ ಕಚೇರಿಯಲ್ಲಿ ಅವಳ ಕೆಲಸ. ಮನೆಗಳು ಎಷ್ಟು ಬಳಸುತ್ತವೆ, ಹೊಲಗಳು ಎಷ್ಟು ಎಳೆಯುತ್ತವೆ, ಬಿಸಿಲು ಎಷ್ಟು ಹೀರುತ್ತದೆ, ಎಲ್ಲವೂ ಆ ಮಾದರಿಯಲ್ಲಿತ್ತು. ಬೇಸಿಗೆಯಲ್ಲಿ ನೀರಿಗೆ ತತ್ವಾರವಾದೀತೆಂದು ಅದು ಹೇಳಿತು, ಪತ್ರಿಕೆಯಲ್ಲೂ ಬಂತು. ಆದರೆ ಬೇಸಿಗೆ ಕಾಲಿಡುವ ಮೊದಲೇ ಕೆರೆ ಅವಳ ಲೆಕ್ಕವನ್ನು ಮೀರಿ ಇಳಿಯತೊಡಗಿತು.

“ನಿಮ್ಮ ಮಾದರೀಲೇ ಏನೋ ತಪ್ಪಿದೆ,” ಎಂದರು ಮೇಲಧಿಕಾರಿ.

“ಇಲ್ಲ ಸರ್. ಯಾರೋ ನೀರು ಕದೀತಿದಾರೆ.”

ಹಾಗೆನ್ನುವಾಗಲೇ ಅವಳಿಗೆ ಮೈದುನ ನೆನಪಾದ. ಬಟ್ಟೆಗೆ ಬಣ್ಣ ಹಾಕುವ ಅವನ ಕಾರ್ಖಾನೆ ಕೆರೆದಂಡೆಯಲ್ಲೇ ಇತ್ತು; ಅಲ್ಲಿಗೆ ಎಷ್ಟು ನೀರಿದ್ದರೂ ಸಾಲದು. ಭಾನುವಾರ ಅವನು ಊಟಕ್ಕೆ ಬಂದಾಗ ಬೇಕೆಂದೇ ಕೆರೆಯ ಮಾತೆತ್ತಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರುಂಟು. ಇವನು ಅಷ್ಟೂ ಮಾಡಲಿಲ್ಲವಲ್ಲ, ಪಳಗಿದ ಕೈಯೇ ಎಂದುಕೊಂಡಳು.

ಮರುದಿನ, ಈ ಕಡೆ ಬಂದಿದ್ದೆ ಎಂಬ ನೆಪ ಹೇಳಿ ಕಾರ್ಖಾನೆಗೆ ಹೋದಳು. ಹಿಂಬದಿಯಲ್ಲಿ ಗೋಣಿಚೀಲಗಳಡಿ ದಪ್ಪನೆಯ ಹೊಸ ಪೈಪು. ಬಗ್ಗಿ ಚೀಲ ಎತ್ತುತ್ತಿದ್ದಾಗ ಬೆನ್ನ ಹಿಂದೆ ಮೈದುನನ ದನಿ ಕೇಳಿತು.

“ಏನು ಹುಡುಕ್ತಿದೀರ ಅತ್ತಿಗೆ?”

“ಇದು ಎಲ್ಲಿಗೆ ಹೋಗುತ್ತೆ?”

ಅವನು ಪೈಪಿನ ಗುಂಟ ಕರೆದೊಯ್ದ. ಪೈಪು ಕೆರೆಯತ್ತ ತಿರುಗಲೇ ಇಲ್ಲ. ಬಳಸಿದ ನೀರನ್ನು ಸೋಸಿ ಮತ್ತೆ ಒಳಕ್ಕೆ ಕಳಿಸುವ ತೊಟ್ಟಿಗೆ ಸೇರಿತ್ತು.

“ಪೇಪರಲ್ಲಿ ನಿಮ್ಮ ಮಾತು ಓದಿ ಹಾಕಿಸ್ದೆ. ಕೆರೆ ನೀರು ಈಗ ಅರ್ಧ ಸಾಕು.”

“ಮತ್ತೆ ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?”

“ನೀವು ನೋಡ್ತಿದ್ದ ನೋಟಕ್ಕೆ ತುತ್ತೇ ಇಳೀಲಿಲ್ಲ, ಮಾತೆಲ್ಲಿ ಹೊರಡುತ್ತೆ? ಕಳ್ಳರು ಬೇಕಾ? ಬನ್ನಿ ಮೇಲೆ.”

ತಾರಸಿಯಿಂದ ನೋಡಿದರೆ ಊರಿನ ಸೂರುಸೂರಿನ ಮೇಲೂ ಹೊಸ ಟ್ಯಾಂಕು, ಡ್ರಮ್ಮು. ಮನೆಗೆ ಬಂದು, ಎಷ್ಟೋ ದಿನದಿಂದ ಕಾಲಿಡದ ಹಿತ್ತಿಲಿಗೆ ಹೋದಳು. ಅಲ್ಲಿ ಅತ್ತೆ ಡ್ರಮ್ಮುಗಳ ನೀರನ್ನು ಚರಂಡಿಗೆ ಚೆಲ್ಲುತ್ತಿದ್ದರು.

“ಅಯ್ಯೋ, ಯಾಕೆ ಚೆಲ್ತಿದೀರ ಅತ್ತೆ?”

“ನೀರು ಬರಲ್ಲ ಅಂತ ನೀನೇ ಹೇಳಿದ್ದಲ್ವೇನೇ? ಹಳಸಿದ್ದು ಯಾರು ಕುಡೀತಾರೆ? ದಿನಾ ಹೊಸದು ತುಂಬಿಡ್ತೀನಿ.”

ಅವಳು ಜನರ ಹೆದರಿಕೆಯನ್ನೂ ಮಾದರಿಗೆ ಸೇರಿಸಿದಳು. ಆಮೇಲೆ ಅದಕ್ಕೂ ಕೆರೆಗೂ ತಾಳೆಯಾಯಿತು, ಮೇಲಧಿಕಾರಿ ಮೆಚ್ಚಿದರು. ಮೈದುನನ ಬಳಿ ಕ್ಷಮೆ ಕೇಳಲು ಹೋದಳು. ಅವನು ನಗುತ್ತಲೇ ಕಾರ್ಖಾನೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದ.

“ಎಲ್ಲಾ ನೋಡ್ಕೊಂಡು ಹೋಗಿ, ಮೇಡಂ,” ಎಂದ.