ಎತ್ತದ ಚಾಪೆ

"ಎತ್ತೇ ಚಾಪೆ, ಸೊಕ್ಕಿನ ಮುಂಡೆ. ಯಜಮಾನ್ರು ನಿನ್ ಮುಂದೆ ಮಂಡಿ ಊರಿ ಕುಂತವ್ರೆ, ಕಾಣಾಕಿಲ್ವಾ?"

ಪಾದ್ರಿಯ ಹೆಂಡತಿ ನನ್ನ ತೋಳು ಚಿವುಟಿದಳು. ಆಗಿನ್ನೂ ಬೆಳಕು ಹರಿಯುತ್ತಿತ್ತು. ಚರ್ಚಿನ ಅಂಗಳದಲ್ಲಿ ಲೆವಾಸಾ ತಲೆ ತುಂಬ ಚಾಪೆ ಹೊದ್ದು ಬಗ್ಗಿ ಕೂತಿದ್ದ. ನಮ್ಮ ಸಮೋವಾದಲ್ಲಿ ತಪ್ಪು ಮಾಡಿದವನು ಹೀಗೆ ಬಂದು ಕೂರುತ್ತಾನೆ. ನೊಂದವರ ಮನೆಯವರು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತುವ ತನಕ ಅವನು ಏಳುವ ಹಾಗಿಲ್ಲ.

ಊರ ಹಿರಿಯ, ಚರ್ಚಿನ ಹಿರಿಯ ಎರಡೂ ಅವನೇ. ಟೊಮೇಟೊ ಬಿಡಿಸುವ ಕೆಲಸ ಅಂತ ನನ್ನನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ದ. ಪಾಸ್‌ಪೋರ್ಟ್ ಕಿತ್ತುಕೊಂಡ, ಶೆಡ್ಡಿಗೆ ಹೊರಗಿನಿಂದ ಬೀಗ ಜಡಿದ. ಹಗಲು ಹೊಲ, ಸಂಜೆ ಅವನ ಮನೆ ಚಾಕರಿ. ಶನಿವಾರ ಬೆಲ್ಟಿನಲ್ಲಿ ಬಾರಿಸಿದರೆ ಭಾನುವಾರ ತುಂಬುತೋಳಿನ ಬಟ್ಟೆ ಹಾಕಿಸಿ ಪ್ರಾರ್ಥನೆಗೆ ಕೂರಿಸುತ್ತಿದ್ದ.

ತಪ್ಪಿಸಿಕೊಂಡು, ಅಲ್ಲಿನ ಪೊಲೀಸರ ನೆರವಿನಿಂದ ಊರಿಗೆ ಬಂದಾಗ ಪಾದ್ರಿ ಇಯೋಸೆಫೋ ನನ್ನನ್ನು ಚರ್ಚಿನ ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟರು. ಎಲ್ಲವನ್ನೂ ಅವರ ಮುಂದೆ ಅತ್ತು ಹೇಳಿದ್ದೆ. ಕೇಳಿಕೊಂಡಿದ್ದು ಇಷ್ಟೇ, ಅವನ ಮೇಲಿನ ಕೇಸು ನಡೆಯುವಾಗ ಕೋರ್ಟಿಗೆ ಬಂದು ನನ್ನ ಪಕ್ಕ ನಿಲ್ಲಿ ಅಂತ. ಬರ್ತೀನಿ ಅಂದಿದ್ದರು.

ಈಗ ಲೆವಾಸಾನ ಪಕ್ಕ ನಿಂತಿದ್ದರು.

"ನಾನಿಲ್ಲಿರೋದು ಇವ್ನಿಗೆ ಯಾರೇಳಿದ್ದು, ಪಾದ್ರಪ್ಪ?"

ಅವರು ನನ್ನ ಮುಖ ನೋಡಲಿಲ್ಲ. "ಊರಿನ್ ಮಾತು ಊರಲ್ಲೇ ಮುಗೀಲಿ ಮಗಾ. ಏಸಪ್ಪ ಕ್ಷಮಿಸ್ಲಿಲ್ವಾ? ನೀ ಎತ್ತಿದ್ರೆ ಕೋರ್ಟಲ್ಲೂ ಅದ್ನೇ ಹೇಳ್ತೀನಿ. ಜಡ್ಜೂ ಇವ್ರನ್ನ ಬಿಟ್‌ಬಿಡ್ತಾರೆ."

ಬಿಟ್ಟರೆ ಮುಂದಿನ ಸುಗ್ಗಿಗೆ ಯಾರು ಅನ್ನುವುದು ಕಣ್ಣೆದುರೇ ಇತ್ತು. ಹಾಡುವ ಹುಡುಗಿಯರು ಬಿಳಿ ಬಟ್ಟೆಯುಟ್ಟು ಮೆಟ್ಟಿಲ ಮೇಲೆ ನಿಂತಿದ್ದರು. ಅವರಲ್ಲಿ ಅರ್ಧದಷ್ಟು ಜನ ಆಗಲೇ ಅವನ ಜೊತೆ ಹೋಗಲು ಹೆಸರು ಕೊಟ್ಟಿದ್ದರು. ನನ್ನ ತಂಗಿ ಫೆತುವಾ ಕೂಡ.

ಬಿಸಿಲು ಬಿತ್ತು. ಆಗ ಚಾಪೆಯ ಅಂಚಿಗೆ ಹೊಲಿದ ಕೆಂಪು ಹಕ್ಕಿಗರಿ ಕಂಡಿತು. ಒಂದು ಮೂಲೆಯಲ್ಲಿ ಗರಿ ಸಾಲದೆ ಕೋಳಿಪುಕ್ಕಕ್ಕೆ ಬಣ್ಣ ಹಚ್ಚಿ ಹೊಲಿದಿತ್ತು. ನಮ್ಮಜ್ಜಿಯ ಕೈಕೆಲಸ. ನನ್ನನ್ನು ಕರೆದೊಯ್ಯುವ ದಿನ, ಮಗಳಿಗೆ ದಾರಿ ತೋರಿಸಿದಿರಿ ಅಂತ ಅವ್ವ ಇವನಿಗೆ ಕೊಟ್ಟ ಉಡುಗೊರೆ.

"ನಮ್ಮಜ್ಜಿ ಚಾಪೇನೇ ಹೊದ್ಕೊಂಡ್ ಬಂದಿದ್ದೀಯಲ್ಲೋ ಬೋಳಿಮಗ್ನೆ. ನಿಂದು ಅಂತ ಒಂದ್ ಚಾಪೆ ಇರ್ಲಿಲ್ವಾ?"

ಚಾಪೆಯೊಳಗಿಂದ ದನಿ ಬಂತು. "ಬಿರ್ನೆ ಎತ್ತು. ಸೆಖೆ ಆಯ್ತೈತೆ."

ಪಾದ್ರಿ ಸನ್ನೆ ಮಾಡಿದರು. ಚರ್ಚಿನ ಬಾಗಿಲಿಂದ ಅವ್ವ ಬಂದಳು. ಅವಳನ್ನೂ ಕರೆಸಿದ್ದರು. ಊರಲ್ಲಿ ಬಾಳಬೇಕಲ್ಲ ಮಗಾ ಅನ್ನುತ್ತ ಚಾಪೆಗೆ ಕೈ ಚಾಚಿದಳು. ಅವಳು ಎತ್ತಿದರೂ ಮುಗಿದುಹೋಗುತ್ತಿತ್ತು. ಆ ಕೈ ಹಿಡಿದು ನನ್ನ ಬೆನ್ನಿನ ಮೇಲೆ, ಬಟ್ಟೆಯೊಳಗೆ ಇಟ್ಟುಕೊಂಡೆ. ಅವ್ವ ಬರೆಗಳನ್ನು ತಡವಿದಳು. ಕೈ ಮತ್ತೆ ಚಾಪೆಯ ಕಡೆ ಹೋಗಲಿಲ್ಲ.

ನಾನು ಅವನ ಎದುರಿಗೆ ನೆಲದ ಮೇಲೆ ಕೂತೆ.

ಗಂಟೆ ಬಾರಿಸಿತು. ಪಾದ್ರಿ ಹಾಡು ಎತ್ತಿಕೊಟ್ಟರು. ಹುಡುಗಿಯರು ಬಾಯಿ ತೆರೆಯಲಿಲ್ಲ. ಫೆತುವಾ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ಕೂತಳು. ಬಿಳಿ ಲಂಗವೆಲ್ಲ ಮಣ್ಣಾಯಿತು.

ಚಾಪೆಯ ಕೆಳಗೆ ಅವನು ಮಂಡಿ ಬದಲಿಸಿದ.