ಹತ್ತು ದಿನ, ನಾಲ್ಕು ಎಡಿಟರ್

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದಿನಕ್ಕೆ ಎಂಬತ್ತು ತೋಳಿಗೆ ಸೂಜಿ ಚುಚ್ಚುವವಳು ನಾನು. ಎರಡು ವರ್ಷದಿಂದ ಮನೆಯಲ್ಲಿ ಕೂತಿದ್ದ ತಮ್ಮನಿಗೆ ಅಲ್ಲೇ ಒಂದು ಕೆಲಸ ಕೊಡಿ ಎಂದು, ನಾಚಿಕೆ ಬಿಟ್ಟು, ಡಾಕ್ಟರನ್ನು ಕೇಳಿದ್ದೆ. ವರದಿಗಳನ್ನು ವಿಂಗಡಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಲ್ಯಾಬಿನ ಕಂಪ್ಯೂಟರಿನಲ್ಲೇ ಒಂದು ಗಂಟೆಯೊಳಗೆ ಬರೆದು ತೋರಿಸಲಿ, ಕೆಲಸ ಅವನದೇ ಎಂದರು. ಹತ್ತು ದಿನ ಸಮಯವಿತ್ತು.

ತಮ್ಮ ಮಹಾಶಯರು ಅಭ್ಯಾಸಕ್ಕೆ ಕೂತರು. ಮೊದಲು ಎಡಿಟರ್ ಆರಿಸಬೇಕಂತೆ, ಅಂದರೆ ಪ್ರೋಗ್ರಾಂ ಬರೆಯುವುದು ಯಾವುದರಲ್ಲಿ ಅನ್ನುವುದು. ಮೊದಲನೆಯದು ನಿಧಾನವಂತೆ. ಎರಡನೆಯದರ ಅಕ್ಷರ ದಪ್ಪವಂತೆ. ಮೂರನೆಯದಕ್ಕೆ ಹಿನ್ನೆಲೆ ಬಣ್ಣ ಹುಡುಕುವುದರಲ್ಲೇ ಮೂರು ದಿನ ಹೋಯಿತು. ಇಡೀ ಮನೆಗೆ ಬಣ್ಣ ಹೊಡೆಯಲು ಅಪ್ಪನಿಗೆ ಎರಡೇ ದಿನ ಸಾಕಾಗಿತ್ತು.

"ಒಂದು ಸಾಲಾದ್ರೂ ಬರೆದ್ಯೇನೋ?" ಎಂದೆ.

"ಕೊನೆಗೂ ಸಿಕ್ತು ಕಣಕ್ಕಾ, ನಾಲ್ಕನೇದು. ಇದರಲ್ಲಿ ಮೌಸ್ ಮುಟ್ಟೋದೇ ಬೇಡ. ಕೆಳಗಿನ ಸಾಲಿಗೆ ಹೋಗ್ಬೇಕಾ, ಜೆ ಒತ್ತಿದ್ರೆ ಸಾಕು. ಬಾಣದ ಕೀ ಒತ್ತೋರೆಲ್ಲ ದಡ್ಡರು."

ಲ್ಯಾಬಿನಲ್ಲಿ ರೋಗಿಗಳ ಹೆಸರು ಟೈಪಿಸುವಾಗ ಬಾಣದ ಕೀ ಒತ್ತುವ ಈ ದಡ್ಡಿಯ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಉಳಿದ ನಾಲ್ಕು ದಿನ ಅವನು ಜೆ ಒತ್ತುವುದನ್ನು ಬೆರಳಿಗೆ ರೂಢಿ ಮಾಡಿಸಿದ. ಪ್ರೋಗ್ರಾಂ ಬರೆಯಲು ಪುರುಸೊತ್ತೆಲ್ಲಿ?

ಲ್ಯಾಬಿನ ಹಳೇ ಕಂಪ್ಯೂಟರಿನಲ್ಲಿ ಇದ್ದದ್ದು ಬರೀ ನೋಟ್‌ಪ್ಯಾಡ್. ಅದರಲ್ಲಿ ಜೆ ಒತ್ತಿದರೆ ಜೆ ಅಕ್ಷರವೇ ಮೂಡುತ್ತದೆ. ಪರೀಕ್ಷೆಯ ಗಂಟೆ ಮುಗಿದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ನಾಲ್ಕು ಸಾಲು ಪ್ರೋಗ್ರಾಂ, ನಡುನಡುವೆ ಜೆಜೆಜೆಜೆ. ಒತ್ತುವುದು, ಅಳಿಸುವುದು, ಮರೆತು ಮತ್ತೆ ಒತ್ತುವುದು, ಇದರಲ್ಲೇ ಹೊತ್ತು ಕಳೆದಿತ್ತು.

"ಏನಮ್ಮಾ ಇದು?" ಎಂದರು.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಇಲ್ಲಿನ ಎಡಿಟರೇ ಸರಿ ಇಲ್ಲ ಸಾರ್," ಎಂದ ತಮ್ಮ, ಕುಣಿಯಲಾರದವಳು ನೆಲ ಡೊಂಕು ಅಂದಂತೆ.

ಡಾಕ್ಟರು ನನ್ನ ಮುಖ ನೋಡಿ ಮೆತ್ತಗಾದರು. "ನಿಮಗೋಸ್ಕರ ಇನ್ನೊಂದೇ ಸಲ. ನಾಳೆ ಬರ್ಲಿ. ಕಂಪ್ಯೂಟರೇ ಬೇಡ, ಹಾಳೆ ಮೇಲೆ ಬರೆದು ತೋರಿಸ್ಲಿ. ಇದೇ ಕೊನೆ."

ಹೋದ ಜೀವ ಬಂದಂತಾಯಿತು. ದಾರಿಯುದ್ದಕ್ಕೂ ಅವನ ಮೇಲೆ ಸಿಟ್ಟು ಮಾಡಲೂ ಮನಸ್ಸು ಬರಲಿಲ್ಲ, ಅಷ್ಟು ಸಂತೋಷ. ಮನೆಗೆ ಬಂದವಳೇ ಅವನ ಮುಂದೆ ಹಾಳೆಗಳನ್ನಿಟ್ಟು, "ಈಗಿಂದೀಗ್ಲೇ ಶುರು ಮಾಡು" ಎಂದು ಹೇಳಿ ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಮೇಜಿನ ಮೇಲೆ ಏಳು ಪೆನ್ನು ಸಾಲಾಗಿದ್ದವು. ಹಾಳೆಯ ಮೇಲೆ ಏಳು ಗೀಟುಗಳಿದ್ದವು, ಅಷ್ಟೇ.

"ಅಕ್ಕಾ," ಎಂದ, ತಲೆ ಎತ್ತದೆ. "ಈ ನೀಲಿದು ಸ್ವಲ್ಪ ಜಾರುತ್ತೆ, ಅಲ್ವಾ?"